ಬಿಯಾಫ್ರಾ ಯುದ್ಧದ ಬಗ್ಗೆ ಓದಬೇಕೆನ್ನುವವರು ಯಾವ ಪುಸ್ತಕವನ್ನು ಆರಿಸಿಕೊಳ್ಳಬೇಕು?

ಬಿಯಾಫ್ರಾ ಎಂಬ ಹೆಸರಿನ ದೇಶ ಬದುಕಿದ್ದು ಮೂರು ವರ್ಷಗಳಿಗೂ ಕಡಿಮೆ. ನೈಜೀರಿಯಾದ ಪೂರ್ವ ಪ್ರಾಂತ್ಯವು 1967ರ ಮೇ 30ರಂದು ತಾನು ಸ್ವತಂತ್ರವೆಂದು ಸಾರಿಕೊಂಡಿತು. 1970ರ ಜನವರಿ 15ರಂದು ಅದರ ಸೇನೆ ಶರಣಾಯಿತು. ಈ ಅವಧಿಯಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹಸಿವಿನಿಂದ ಸತ್ತವರೇ ಹೆಚ್ಚು. ಒಟ್ಟು ಸಾವಿನ ಸಂಖ್ಯೆಯನ್ನು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಬೇರೆ ಬೇರೆ ಲೇಖಕರು ಅಂದಾಜು ಮಾಡುತ್ತಾರೆ. ಇಷ್ಟು ಅಲ್ಪಾಯುಷಿಯಾದ ದೇಶವೊಂದರ ಬಗ್ಗೆ ಇಷ್ಟು ಶ್ರೇಷ್ಠ ಸಾಹಿತ್ಯ ಹುಟ್ಟಿದ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ. ಹೊಸದಾಗಿ ಓದಲು ಹೊರಟವರು ಎಡವುವುದೂ ಇಲ್ಲಿಯೇ. ಪುಸ್ತಕಗಳು ಹಲವಿದ್ದರೂ ಅವುಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ, ಪೂರ್ವ ಪ್ರಾಂತ್ಯದಲ್ಲಿ ಬಹುಸಂಖ್ಯಾತರಾಗಿದ್ದು ಯುದ್ಧದಲ್ಲಿ ಸೋತ ಇಗ್ಬೊ ಜನರ ಕಡೆಯಿಂದ, ಬರೆದವು. ಸೋತವರ ಬರಹ ಗೆದ್ದವರ ಬರಹಕ್ಕಿಂತ ಆಳವಾಗಿರುವುದು ಸಹಜ, ಆದರೆ ಈ ಯುದ್ಧದಲ್ಲಿ ಇದ್ದದ್ದು ಎರಡೇ ಪಕ್ಷಗಳಲ್ಲ. ಬಿಯಾಫ್ರಾದ ಗಡಿಯೊಳಗೇ ಇದ್ದು ಬಿಯಾಫ್ರಾವನ್ನು ತಮ್ಮ ದೇಶವೆಂದು ಒಪ್ಪದ ಸಣ್ಣ ಸಮುದಾಯಗಳ ಮಾತನ್ನು ಕೇಳದೆ ಈ ಓದನ್ನು ಮುಗಿಸಿದರೆ ಅರ್ಧವನ್ನಷ್ಟೇ ಓದಿದಂತಾಗುತ್ತದೆ. ಮುಂದಿನ ಹೋಲಿಕೆಯನ್ನು ಈ ಎಚ್ಚರವನ್ನು ಇಟ್ಟುಕೊಂಡೇ ಮಾಡಿದ್ದೇನೆ.

ಪುಸ್ತಕಗಳಿಗೆ ಹೋಗುವ ಮೊದಲು ಸ್ವಲ್ಪ ಚರಿತ್ರೆ ಬೇಕು. ನೈಗರ್ ನದಿಯ ಕೆಳಭಾಗವನ್ನು ಮೊದಲು ಹಿಡಿತಕ್ಕೆ ತೆಗೆದುಕೊಂಡದ್ದು ಸರಕಾರವಲ್ಲ, ರಾಯಲ್ ನೈಗರ್ ಕಂಪನಿ ಎಂಬ ವ್ಯಾಪಾರಿ ಸಂಸ್ಥೆ. 1886ರಲ್ಲಿ ಸನ್ನದು ಪಡೆದ ಈ ಕಂಪನಿಯ ನೆಲ 1900ರಲ್ಲಿ ಬ್ರಿಟಿಷ್ ಸರಕಾರಕ್ಕೆ ಹಸ್ತಾಂತರವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಕಥೆ ಗೊತ್ತಿರುವ ನಮಗೆ ಈ ದಾರಿ ಹೊಸದಲ್ಲ. 1914ರಲ್ಲಿ ಉತ್ತರದ ಮತ್ತು ದಕ್ಷಿಣದ ಆಡಳಿತಗಳನ್ನು ಒಂದುಗೂಡಿಸಿದವನು ಫ್ರೆಡರಿಕ್ ಲುಗಾರ್ಡ್. ಈತ 1858ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮದ್ರಾಸಿನಲ್ಲಿ. ಉತ್ತರದಲ್ಲಿ ಎಮೀರರೆಂಬ ಮುಸ್ಲಿಂ ಅರಸರ ಮೂಲಕ ಆಳುವ ಪರೋಕ್ಷ ಆಡಳಿತವನ್ನು ಅವನು ಬೇರೂರಿಸಿದ. ಎಮೀರರ ಪಕ್ಕದಲ್ಲಿ ಕೂರುತ್ತಿದ್ದ ಬ್ರಿಟಿಷ್ ಅಧಿಕಾರಿಯನ್ನು ಅಲ್ಲಿಯೂ ರೆಸಿಡೆಂಟ್ ಎಂದೇ ಕರೆಯುತ್ತಿದ್ದರು. ಮೈಸೂರು ಸಂಸ್ಥಾನದ ಚರಿತ್ರೆ ಓದಿದವರಿಗೆ ಈ ಪದವೊಂದರಿಂದಲೇ ಬಹಳಷ್ಟು ಅರ್ಥವಾಗುತ್ತದೆ. ಆದರೆ ಪೂರ್ವದ ಇಗ್ಬೊ ಊರುಗಳಲ್ಲಿ ರಾಜರೇ ಇರಲಿಲ್ಲ. ಹಿರಿಯರ ಸಭೆ, ಒಂದೇ ವಯಸ್ಸಿನವರ ಬಳಗಗಳು, ದೇವರ ಅರ್ಚಕರು ಕೂಡಿ ಊರನ್ನು ನಡೆಸುತ್ತಿದ್ದರು. ಇಲ್ಲದ ರಾಜನನ್ನು ಸರಕಾರ ಒಂದು ಕಾಗದದ ಮೂಲಕ ಸೃಷ್ಟಿಸಿ 'ವಾರಂಟ್ ಚೀಫ್' ಎಂದು ಹೆಸರಿಟ್ಟಿತು. 1929ರಲ್ಲಿ ಹೆಂಗಸರು ಸಾವಿರಗಟ್ಟಲೆಯಾಗಿ ದಂಗೆ ಎದ್ದದ್ದು ತೆರಿಗೆಯ ಭಯದ ಜೊತೆಗೆ ಈ ಕೃತಕ ಒಡೆಯರ ವಿರುದ್ಧವೂ ಹೌದು.

1960ರಲ್ಲಿ ಸ್ವಾತಂತ್ರ್ಯ ಬಂತು. 1966ರ ಜನವರಿಯಲ್ಲಿ ಮೊದಲ ಸೈನಿಕ ದಂಗೆ ನಡೆಯಿತು. ಜುಲೈಯಲ್ಲಿ ಅದಕ್ಕೆ ಪ್ರತಿದಂಗೆಯಾಯಿತು. ಅದೇ ವರ್ಷ ಉತ್ತರದ ಪಟ್ಟಣಗಳಲ್ಲಿ ನೆಲೆಸಿದ್ದ ಇಗ್ಬೊ ಜನರ ಸಾಮೂಹಿಕ ಕೊಲೆಗಳಾದವು. ಬದುಕಿ ಉಳಿದವರು ರೈಲುಗಳಲ್ಲಿ, ಲಾರಿಗಳಲ್ಲಿ ಪೂರ್ವಕ್ಕೆ ಓಡಿಬಂದರು. 1967ರ ಜನವರಿಯಲ್ಲಿ ಘಾನಾದ ಅಬುರಿಯಲ್ಲಿ ಸೈನಿಕ ಸರಕಾರದ ಮುಖ್ಯಸ್ಥ ಗೋವನ್ ಮತ್ತು ಪೂರ್ವ ಪ್ರಾಂತ್ಯದ ಸೈನಿಕ ಗವರ್ನರ್ ಒಜುಕ್ವು ನಡುವೆ ಆದ ಒಪ್ಪಂದ ಮುರಿದುಬಿತ್ತು. ಮೇ 27ರಂದು ಗೋವನ್ ದೇಶವನ್ನು 12 ರಾಜ್ಯಗಳಾಗಿ ವಿಂಗಡಿಸಿ ಪೂರ್ವ ಪ್ರಾಂತ್ಯವನ್ನು ಮೂರು ಹೋಳು ಮಾಡಿದರು. ಮೂರೇ ದಿನಗಳಲ್ಲಿ ಒಜುಕ್ವು ಬಿಯಾಫ್ರಾವನ್ನು ಘೋಷಿಸಿದರು. ಆ ವಿಂಗಡಣೆಯ ಗೆರೆಯನ್ನು ಗಮನಿಸಬೇಕು. ಇಗ್ಬೊ ಜನರ ಪಾಲಿಗೆ ಬಂದದ್ದು ಸಮುದ್ರವಿಲ್ಲದ ಒಳನಾಡು. ಕರಾವಳಿಯೂ ಬಹುಪಾಲು ಎಣ್ಣೆಯೂ ಇಜಾ, ಒಗೊನಿ, ಇಕ್ವೆರೆ, ಎಫಿಕ್, ಇಬಿಬಿಯೊ ಮೊದಲಾದವರ ನೆಲದಲ್ಲಿ ಉಳಿದವು. 1956ರಲ್ಲಿ ಮೊದಲು ಎಣ್ಣೆ ಸಿಕ್ಕ ಒಲೊಯ್‌ಬಿರಿ ಇಜಾ ಜನರ ಊರು. ಯುದ್ಧದ ಪ್ರತಿ ಪುಸ್ತಕವೂ ಈ ಗೆರೆಯ ಯಾವುದೋ ಒಂದು ಬದಿಯಲ್ಲಿ ನಿಂತು ಬರೆದದ್ದು.

ವಸಾಹತು ಕಾಲದ ಕಾದಂಬರಿಯೊಂದರಿಂದ ಆರಂಭಿಸುವುದು ಉತ್ತಮ. ಸಾಮಾನ್ಯವಾಗಿ ಎಲ್ಲರೂ ಸೂಚಿಸುವುದು ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' (1958). ಒಕೊಂಕ್ವೊ ಎಂಬ ಬಲಿಷ್ಠ ರೈತನ ಏಳುಬೀಳಿನ ಕಥೆ ಅದು. ಕೊನೆಯ ಪುಟದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಆ ಮನುಷ್ಯನ ಇಡೀ ಬದುಕನ್ನು ತಾನು ಬರೆಯಲಿರುವ ಪುಸ್ತಕದ ಒಂದು ಪ್ಯಾರಾಕ್ಕೆ ಇಳಿಸಿಬಿಡುವ ಘಳಿಗೆಯನ್ನು ಓದಿದವರು ಮರೆಯಲಾರರು. ಅದನ್ನು ಓದಿರದಿದ್ದರೆ ಖಂಡಿತ ಓದಿ. ಆದರೆ ನಿಮ್ಮ ಗುರಿ ಯುದ್ಧದ ಬೇರುಗಳನ್ನು ತಿಳಿಯುವುದಾದರೆ ನಾನು ಮುಂದಿಡುವುದು ಅವರದೇ 'ಆ್ಯರೋ ಆಫ್ ಗಾಡ್' (1964). ಮೊದಲನೆಯದು ಆಘಾತದ ಕಥೆ. ಎರಡನೆಯದು ಆಡಳಿತದ ಕಥೆ. 1920ರ ದಶಕದಲ್ಲಿ ಉಮುವಾರೊ ಎಂಬ ಆರು ಹಳ್ಳಿಗಳ ಕೂಟದಲ್ಲಿ ಉಲು ದೇವರ ಅರ್ಚಕನಾದ ಎಜೆಉಲುವನ್ನು ಅಧಿಕಾರಿ ವಿಂಟರ್‌ಬಾಟಮ್ ವಾರಂಟ್ ಚೀಫ್ ಆಗೆಂದು ಕರೆಸುತ್ತಾನೆ. ಅವನು ನಿರಾಕರಿಸಿ ಬಂಧನದಲ್ಲಿ ಉಳಿಯುತ್ತಾನೆ. ಸೆರೆಯಲ್ಲಿದ್ದಾಗ ತಿನ್ನಬೇಕಾಗಿದ್ದ ಪವಿತ್ರ ಗೆಣಸುಗಳನ್ನು ತಿನ್ನಲಾಗದ ಕಾರಣ ಊರಿಗೆ ಮರಳಿದ ಮೇಲೆ ಹೊಸ ಬೆಳೆಯ ಹಬ್ಬವನ್ನು ಸಾರಲು ಒಪ್ಪುವುದಿಲ್ಲ. ಹಬ್ಬವಿಲ್ಲದೆ ಕೊಯ್ಲಿಲ್ಲ, ಗೆಣಸು ನೆಲದಲ್ಲೇ ಕೊಳೆಯುತ್ತದೆ, ಹಸಿದ ಜನರಿಗೆ ಪಕ್ಕದ ಚರ್ಚು ರಕ್ಷಣೆಯ ಭರವಸೆ ಕೊಡುತ್ತದೆ. ಒಂದು ಕಚೇರಿಯ ಆದೇಶ ಒಂದು ಪಂಚಾಂಗವನ್ನೂ, ಆ ಪಂಚಾಂಗದ ಮೂಲಕ ಒಂದು ದೇವರನ್ನೂ ಮುರಿಯುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸಿದ ಚರಿತ್ರೆಯ ಗ್ರಂಥವನ್ನು ನಾನು ಓದಿಲ್ಲ. ಮೊದಲ ಕೆಲವು ಅಧ್ಯಾಯಗಳು ನಿಧಾನವಾಗಿ ಸಾಗುತ್ತವೆ, ಹೆಸರುಗಳು ಹಲವು, ಹಳೆಯ ಜಗಳಗಳು ಇನ್ನೂ ಹಲವು. ತಾಳ್ಮೆಯಿಂದ ನೂರು ಪುಟ ದಾಟಿದರೆ ಪುಸ್ತಕ ನಿಮ್ಮನ್ನು ಬಿಡುವುದಿಲ್ಲ.

ಕಾದಂಬರಿಗಿಂತ ನೇರವಾದ ಚರಿತ್ರೆ ಬೇಕೆನ್ನುವವರಿಗೆ ಮ್ಯಾಕ್ಸ್ ಸಿಯೊಲನ್ ಅವರ 'ವಾಟ್ ಬ್ರಿಟನ್ ಡಿಡ್ ಟು ನೈಜೀರಿಯಾ' (2021) ಸಾಕು. ಆಕ್ರಮಣದ ದಂಡಯಾತ್ರೆಗಳನ್ನು ಒಂದೊಂದಾಗಿ ವಿವರಿಸುವ ಈ ಪುಸ್ತಕದ ಭಾಷೆ ಸರಳವಾಗಿದೆ.

ಯುದ್ಧದ ಕಾದಂಬರಿಗಳಲ್ಲಿ ಇಂದು ಎಲ್ಲರಿಗೂ ಮೊದಲು ಸಿಗುವುದು ಚಿಮಮಾಂಡಾ ಎನ್‌ಗೋಜಿ ಅಡೀಚಿಯವರ 'ಹಾಫ್ ಆಫ್ ಎ ಯೆಲ್ಲೊ ಸನ್' (2006). ಹೆಸರು ಬಿಯಾಫ್ರಾದ ಬಾವುಟದ ಮೇಲಿದ್ದ ಅರ್ಧ ಹಳದಿ ಸೂರ್ಯನಿಂದ ಬಂದದ್ದು. ಲೇಖಕಿ ಹುಟ್ಟಿದ್ದು 1977ರಲ್ಲಿ, ಯುದ್ಧ ಮುಗಿದು ಏಳು ವರ್ಷಗಳ ನಂತರ. ಅವರ ಇಬ್ಬರು ಅಜ್ಜಂದಿರೂ ಆ ಯುದ್ಧಕಾಲದಲ್ಲಿ ತೀರಿಕೊಂಡಿದ್ದರು. ಎನ್‌ಸುಕ್ಕಾ ವಿಶ್ವವಿದ್ಯಾಲಯದ ಅಧ್ಯಾಪಕ ಒಡೆನಿಗ್ಬೊ, ಅವನ ಸಂಗಾತಿ ಒಲಾನ್ನಾ, ಆಕೆಯ ಅವಳಿ ಸೋದರಿ ಕೈನೆನೆ, ಇಂಗ್ಲಿಷ್ ಲೇಖಕ ರಿಚರ್ಡ್, ಮನೆಗೆಲಸದ ಹುಡುಗ ಉಗ್ವು ಇವರ ಮೂಲಕ ಕಥೆ ನಡೆಯುತ್ತದೆ. ಅರುವತ್ತರ ದಶಕದ ಆರಂಭ ಮತ್ತು ಅಂತ್ಯಗಳ ನಡುವೆ ಹಿಂದೆ ಮುಂದೆ ಚಲಿಸುವ ರಚನೆಯಿಂದಾಗಿ ಊಟದ ಮೇಜಿನ ವಾದವಿವಾದಗಳನ್ನು ಓದುವಾಗಲೇ ಮುಂದೆ ಆ ಮೇಜು ಏನಾಗಲಿದೆ ಎಂಬ ಅರಿವು ಓದುಗನಿಗೆ ಇರುತ್ತದೆ. ಈ ಕಾದಂಬರಿಯ ನಿಜವಾದ ಧೈರ್ಯ ಉಗ್ವುವಿನ ಪಾತ್ರದಲ್ಲಿದೆ. ನಾವು ಪ್ರೀತಿಸತೊಡಗಿದ ಆ ಹುಡುಗ ಬಲವಂತದ ನೇಮಕಾತಿಗೆ ಸಿಕ್ಕು ಸೈನಿಕನಾಗಿ ತನ್ನದೇ ಪಕ್ಷದ ಹೆಣ್ಣೊಬ್ಬಳ ಮೇಲಿನ ಅತ್ಯಾಚಾರದಲ್ಲಿ ಪಾಲುಗೊಳ್ಳುತ್ತಾನೆ. ಯುದ್ಧದ ಕಥೆಯನ್ನು ಬರೆಯುವ ಲೇಖಣಿಯೂ ಕೊನೆಗೆ ಅವನ ಕೈಗೇ ಬರುತ್ತದೆ. ಬಲಿಪಶುವಿನ ಪಕ್ಷವನ್ನು ನಿರ್ಮಲವಾಗಿ ತೋರಿಸುವ ಸುಲಭದ ದಾರಿಯನ್ನು ಲೇಖಕಿ ಹಿಡಿಯಲಿಲ್ಲ. ಇದರ ಮಿತಿಯೆಂದರೆ, ಕಥೆ ಬಹುಮಟ್ಟಿಗೆ ಓದಿದ, ಅನುಕೂಲಸ್ಥ ಇಗ್ಬೊ ಮನೆಗಳೊಳಗೆ ಉಳಿಯುತ್ತದೆ. ಅಲ್ಪಸಂಖ್ಯಾತ ಸಮುದಾಯಗಳವರು ಅಂಚಿನಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾರೆ. ನಗರಗಳು ಕೈಬಿಟ್ಟುಹೋದ ಕ್ರಮವನ್ನು ಕಥೆಗಾಗಿ ಬದಲಿಸಿದ್ದೇನೆ ಎಂದು ಲೇಖಕಿಯೇ ಹೇಳಿಕೊಂಡಿದ್ದಾರೆ, ಆದ್ದರಿಂದ ಇದನ್ನು ದಿನಚರಿಯಂತೆ ಓದಬಾರದು.

ಇದರ ಎದುರಿಗೆ ನಾನು ಇಡುವುದು ಕೆನ್ ಸಾರೊ-ವಿವಾ ಅವರ 'ಸೋಜಾಬಾಯ್' (1985). ಒಗೊನಿ ಸಮುದಾಯದ ಈ ಲೇಖಕ ಯುದ್ಧಕಾಲದಲ್ಲಿ ಕೇಂದ್ರ ಸರಕಾರದ ಪರವಾಗಿ ನಿಂತು ಬೋನಿ ಬಂದರಿನ ಆಡಳಿತಾಧಿಕಾರಿಯಾಗಿದ್ದವರು. ಹೀಗಿದ್ದೂ ಅವರ ಕಾದಂಬರಿಯಲ್ಲಿ ನೈಜೀರಿಯಾದ ಹೆಸರಿಲ್ಲ, ಬಿಯಾಫ್ರಾದ ಹೆಸರೂ ಇಲ್ಲ. ಡುಕಾನಾ ಎಂಬ ಹಳ್ಳಿಯ ಮೆನೆ ಲಾರಿ ಚಾಲಕನ ಬಳಿ ಕೆಲಸ ಕಲಿಯುತ್ತಿರುವ ಹುಡುಗ. ಸಮವಸ್ತ್ರದ ಆಕರ್ಷಣೆಗೆ, ಹೆಂಡತಿಯ ಕಣ್ಣಿನಲ್ಲಿ ಗಂಡಸಾಗಬೇಕೆಂಬ ಆಸೆಗೆ ಸೈನ್ಯ ಸೇರುತ್ತಾನೆ. ಯಾರ ಪರವಾಗಿ, ಯಾರ ವಿರುದ್ಧ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಬಂದುಬಿದ್ದಾಗಲೂ ಅದೇ ಹಸಿವು, ಅದೇ ಬೈಗುಳ. ತಾಯಿಯನ್ನೂ ಹೆಂಡತಿಯನ್ನೂ ನಿರಾಶ್ರಿತರ ಶಿಬಿರಗಳಲ್ಲಿ ಹುಡುಕಿ ಸೋತು ಊರಿಗೆ ಬಂದರೆ ಅವರಿಬ್ಬರೂ ಬಾಂಬಿಗೆ ಸತ್ತಿದ್ದಾರೆ, ಊರಿನವರು ಇವನನ್ನೇ ದೆವ್ವವೆಂದು ಹೆದರುತ್ತಾರೆ.

ಈ ಕಾದಂಬರಿಯ ಭಾಷೆಯನ್ನು ಲೇಖಕರು 'ಕೊಳೆತ ಇಂಗ್ಲಿಷ್' ಎಂದು ಕರೆದಿದ್ದಾರೆ. ನೈಜೀರಿಯಾದ ಪಿಜಿನ್, ಒಡಕು ಇಂಗ್ಲಿಷ್, ನಡುನಡುವೆ ಶುದ್ಧ ಇಂಗ್ಲಿಷ್ ಬೆರೆತ ಭಾಷೆ ಅದು. ಶಾಲೆಯಲ್ಲಿ ಕಲಿತ ಇಂಗ್ಲಿಷ್‌ನ ಬಲದಿಂದ ಓದುವ ನಮ್ಮಂಥವರಿಗೆ ಮೊದಲ ಇಪ್ಪತ್ತು ಪುಟಗಳು ಕಷ್ಟವೇ. ನಂಜನಗೂಡು, ಚಾಮರಾಜನಗರದ ಸೀಮೆಯ ಆಡುಮಾತಿನಲ್ಲಿ ಬರೆದ ಕನ್ನಡ ಕಥನಗಳನ್ನು ಮೊದಲ ಸಲ ಓದಿದಾಗ ಮಾಡಿದಂತೆಯೇ ಇಲ್ಲಿಯೂ ಗಟ್ಟಿಯಾಗಿ ಓದಿಕೊಳ್ಳಿ. ಕಿವಿಗೆ ಬಿದ್ದರೆ ಅರ್ಥ ತಾನಾಗಿ ಬರುತ್ತದೆ. ಪುಸ್ತಕದ ಕೊನೆಯಲ್ಲಿ ಪದಕೋಶವೂ ಇದೆ. ಈ ಶ್ರಮ ವ್ಯರ್ಥವಲ್ಲ. ಅಡೀಚಿಯವರ ಪಾತ್ರಗಳಿಗೆ ಯುದ್ಧದ ಬಗ್ಗೆ ವಾದಿಸಲು ಪದಗಳಿವೆ; ಮೆನೆಗೆ ಆ ಪದಗಳೇ ಇಲ್ಲ. ಭಾಷಣಕಾರರ ದೊಡ್ಡ ಇಂಗ್ಲಿಷ್ ಅವನ ಮೇಲೆ ಮಳೆಯಂತೆ ಸುರಿಯುತ್ತದೆ, ಒಂದು ಮಾತೂ ಅರ್ಥವಾಗದೆ ಅವನು ಸಾಯಲು ಹೊರಡುತ್ತಾನೆ. ವಸಾಹತುವಿನ ಭಾಷೆ ಬಡವನೊಬ್ಬನಿಗೆ ಏನು ಮಾಡಬಲ್ಲದು ಎಂಬುದು ಇಲ್ಲಿ ಪ್ರತಿ ವಾಕ್ಯದ ಮುರಿತದಲ್ಲಿ ಕಾಣುತ್ತದೆ. ಇದೇ ಲೇಖಕ ಮುಂದೆ ತನ್ನ ಜನರ ನೆಲವನ್ನು ಎಣ್ಣೆ ಕಂಪನಿಗಳ ಮಾಲಿನ್ಯದಿಂದ ಉಳಿಸಲು ಹೋರಾಡಿ, ಇತರ ಎಂಟು ಮಂದಿಯೊಂದಿಗೆ 1995ರ ನವೆಂಬರ್ 10ರಂದು ಪೋರ್ಟ್ ಹಾರ್ಕೋರ್ಟ್‌ನಲ್ಲಿ ಗಲ್ಲಿಗೇರಿದರು. ತಾನು ಯಾವ ಸರಕಾರದ ಪರವಾಗಿ ನಿಂತಿದ್ದರೋ ಅದೇ ದೇಶದ ಸೈನಿಕ ಸರಕಾರ ಅವರನ್ನು ಕೊಂದಿತು. ಕಾದಂಬರಿಯನ್ನು ಎರಡನೆಯ ಸಲ ಓದುವಾಗ ಈ ಸಂಗತಿಯನ್ನು ಮರೆಯಲು ನನಗೆ ಸಾಧ್ಯವಾಗಲಿಲ್ಲ.

ಮೂರನೆಯ ಆಯ್ಕೆ ಫ್ಲೋರಾ ನ್ವಾಪಾ ಅವರ 'ನೆವರ್ ಅಗೇನ್' (1975). ಯುದ್ಧವನ್ನು ಸ್ವತಃ ಬದುಕಿದ ಹೆಂಗಸೊಬ್ಬರು ಬರೆದ ಪುಟ್ಟ ಕಾದಂಬರಿ ಇದು. ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಊರಿಂದ ಊರಿಗೆ ಓಡಿ ಕೊನೆಗೆ ತವರಾದ ಉಗ್ವುಟಾ ಸೇರಿರುವ ಕೇಟ್ ಎಂಬಾಕೆ ಕಥೆ ಹೇಳುತ್ತಾಳೆ. ಶತ್ರು ಹತ್ತಿರ ಬಂದಿದ್ದಾನೆಂಬುದು ಎಲ್ಲರಿಗೂ ಗೊತ್ತು, ಆದರೆ ಹಾಗೆಂದು ಬಾಯಿಬಿಟ್ಟರೆ ದ್ರೋಹಿಯೆಂಬ ಪಟ್ಟ. ತನ್ನವರ ಪ್ರಚಾರವನ್ನು ನಂಬಲಾರದೆ, ನಂಬುವುದಿಲ್ಲವೆಂದು ಹೇಳಲೂ ಆಗದೆ ಇರುವ ಆ ಉಸಿರುಗಟ್ಟುವಿಕೆಯನ್ನು ಅಡೀಚಿಯವರಿಗಿಂತ ನ್ವಾಪಾ ಬಿಗಿಯಾಗಿ ಹಿಡಿದಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಭಾಷೆ ಸರಳ, ಅಲಂಕಾರವಿಲ್ಲ. ಸಮಯ ಕಡಿಮೆಯಿರುವವರು ಇದನ್ನೇ ಎತ್ತಿಕೊಳ್ಳಲಿ. ಇತ್ತೀಚಿನ ಕಾದಂಬರಿಗಳಲ್ಲಿ ಚಿಗೊಜಿ ಒಬಿಯೊಮಾ ಅವರ 'ದಿ ರೋಡ್ ಟು ದಿ ಕಂಟ್ರಿ' (2024) ರಣರಂಗದ ಚಿತ್ರಣಕ್ಕಾಗಿ ಗಮನಾರ್ಹ, ಆದರೆ ಮೊದಲ ಓದಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಇನ್ನು ಕಾದಂಬರಿಯಲ್ಲದ ಬರಹಗಳು. ಅಚಿಬೆಯವರ 'ದೇರ್ ವಾಸ್ ಎ ಕಂಟ್ರಿ' (2012) ಅವರು ತೀರಿಕೊಳ್ಳುವ ಹಿಂದಿನ ವರ್ಷ ಪ್ರಕಟವಾದ ನೆನಪುಗಳು. ನಲವತ್ತು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಅವರು ಇಲ್ಲಿ ಬಿಚ್ಚಿಟ್ಟಿದ್ದಾರೆ. ಮಿಷನ್ ಶಾಲೆಯ ಬಾಲ್ಯ, ಸ್ವಾತಂತ್ರ್ಯದ ಹುರುಪು, ಬಿಯಾಫ್ರಾದ ದೂತನಾಗಿ ಮಾಡಿದ ಪ್ರಯಾಣಗಳು, 1967ರಲ್ಲಿ ಯುದ್ಧಭೂಮಿಯಲ್ಲಿ ಸತ್ತ ಗೆಳೆಯ, ಕವಿ ಕ್ರಿಸ್ಟೊಫರ್ ಒಕಿಗ್ಬೊ ಇವೆಲ್ಲ ಗದ್ಯ ಪದ್ಯಗಳಲ್ಲಿ ಬೆರೆತು ಬರುತ್ತವೆ. ಕೇಂದ್ರ ಸರಕಾರ ಬಿಯಾಫ್ರಾಕ್ಕೆ ಹಾಕಿದ ದಿಗ್ಬಂಧನದ ಹಸಿವಿಗೆ ಆ ಸರಕಾರದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಒಬಾಫೆಮಿ ಅವೊಲೊವೊ ಅವರನ್ನು ಹೊಣೆ ಮಾಡಿದ ಭಾಗ ನೈಜೀರಿಯಾದಲ್ಲಿ ತೀವ್ರ ವಿವಾದ ಎಬ್ಬಿಸಿತು. ಮೊದಲ ಭಾಗ ಅಪೂರ್ವ. ಎರಡನೆಯ ಭಾಗದಲ್ಲಿ ನೆನಪು, ಇತರರ ಗ್ರಂಥಗಳ ಉಲ್ಲೇಖ, ಆರೋಪ ಒಂದರ ಮೇಲೊಂದು ಬರುತ್ತವೆ. ಪೂರ್ವದ ಅಲ್ಪಸಂಖ್ಯಾತರ ಭಯಕ್ಕೆ ಅಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. ಅಚಿಬೆಯವರನ್ನು ಗುರುವೆಂದು ತಿಳಿದಿರುವ ನಾನು ಈ ಮಾತನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ.

ಆ ಕೊರತೆಯನ್ನು ತುಂಬುವುದು ಎಲೆಚಿ ಅಮಾದಿಯವರ 'ಸನ್‌ಸೆಟ್ ಇನ್ ಬಿಯಾಫ್ರಾ' (1973). ಇಕ್ವೆರೆ ಸಮುದಾಯದ ಅಮಾದಿ ಸೇನೆಯಲ್ಲಿ ಕ್ಯಾಪ್ಟನ್ ಆಗಿ ನಿವೃತ್ತಿ ಪಡೆದು ಅಧ್ಯಾಪಕರಾಗಿದ್ದವರು. ಬಿಯಾಫ್ರಾದ ಸರಕಾರ ಅವರನ್ನು ಸಂಶಯದ ಮೇಲೆ ಬಂಧಿಸಿತು. ಬಿಡುಗಡೆಯಾದ ಮೇಲೆ ಅವರು ಕೇಂದ್ರದ ಸೇನೆಯನ್ನು ಸೇರಿದರು. ಬಿಡುಗಡೆಗಾಗಿ ಹೋರಾಡುವ ಒಂದು ನಾಡು ತನ್ನೊಳಗಿನ ಸಣ್ಣ ಜನರನ್ನು ಹೇಗೆ ಶಂಕಿಸುತ್ತದೆ, ನೆರೆಯವನು ನೆರೆಯವನನ್ನು ಹೇಗೆ ಹಿಡಿದುಕೊಡುತ್ತಾನೆ ಎಂಬುದನ್ನು ಅವರು ಸಮಾಧಾನದ, ಬಹುಪಾಲು ಏರಿಳಿತವಿಲ್ಲದ ಗದ್ಯದಲ್ಲಿ ದಾಖಲಿಸಿದ್ದಾರೆ. ಕೇಂದ್ರ ಸೇನೆಯ ತಪ್ಪುಗಳ ಬಗ್ಗೆ ಅವರು ಅಷ್ಟೇ ಕಠಿಣವಾಗಿಲ್ಲ ಎಂಬುದನ್ನೂ ಹೇಳಲೇಬೇಕು. ಪುಸ್ತಕದಂಗಡಿಗಳಲ್ಲಿ ಸುಲಭವಾಗಿ ಸಿಗದು, ಹಳೆಯ ಪ್ರತಿಗಳನ್ನು ಹುಡುಕಬೇಕು. ಹುಡುಕುವಷ್ಟು ಯೋಗ್ಯತೆ ಅದಕ್ಕಿದೆ.

ಪತ್ರಕರ್ತರ ಎರಡು ಪುಸ್ತಕಗಳ ನಡುವಿನ ಆಯ್ಕೆ ಸುಲಭ. ಫ್ರೆಡರಿಕ್ ಫೋರ್ಸಿತ್ ಅವರ 'ದಿ ಬಿಯಾಫ್ರಾ ಸ್ಟೋರಿ' (1969) ಯುದ್ಧ ನಡೆಯುತ್ತಿರುವಾಗಲೇ, ಒಜುಕ್ವು ಅವರ ಮೇಲಿನ ಮೆಚ್ಚುಗೆಯಿಂದ, ಬ್ರಿಟಿಷ್ ಸರಕಾರ ಲಾಗೋಸ್‌ನ ಕೇಂದ್ರ ಸರಕಾರಕ್ಕೆ ಶಸ್ತ್ರ ಕೊಟ್ಟದ್ದರ ಮೇಲಿನ ಸಿಟ್ಟಿನಿಂದ ಬರೆದದ್ದು. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ವಕೀಲನ ವಾದ. ಜಾನ್ ಡಿ ಸೇಂಟ್ ಜೋರ್ ಅವರ 'ದಿ ನೈಜೀರಿಯನ್ ಸಿವಿಲ್ ವಾರ್' (1972) ಎರಡೂ ಕಡೆ ಓಡಾಡಿ ವರದಿ ಮಾಡಿದವರು ಯುದ್ಧ ಮುಗಿದ ಮೇಲೆ ಬರೆದದ್ದು. ದಿನಾಂಕಗಳು, ಸೇನೆಯ ಚಲನೆಗಳು, ಶಸ್ತ್ರಗಳ ಮೂಲ, ಉಲಿ ವಿಮಾನಪಟ್ಟಿಯಲ್ಲಿ ರಾತ್ರಿಯ ಹೊತ್ತು ಇಳಿಯುತ್ತಿದ್ದ ಆಹಾರದ ವಿಮಾನಗಳು, ಶರಣಾಗತಿಯ ನಂತರ ಜನ ಹೆದರಿದ್ದ ಸಾಮೂಹಿಕ ಪ್ರತೀಕಾರ ನಡೆಯದೆ ಹೋದದ್ದು, ಇವನ್ನೆಲ್ಲ ತೂಕವಾಗಿ ಹೇಳುವ ಒಂದೇ ಪುಸ್ತಕ ಬೇಕೆಂದರೆ ಐವತ್ತು ವರ್ಷಗಳ ಮೇಲೂ ನಾನು ಕೈತೋರಿಸುವುದು ಇದರ ಕಡೆಗೇ.

ವೋಲೆ ಸೋಯಿಂಕಾ ಅವರ 'ದಿ ಮ್ಯಾನ್ ಡೈಡ್' (1972) ಹೆಸರುವಾಸಿಯಾದರೂ ಅದು ಯುದ್ಧದ ಪುಸ್ತಕವಲ್ಲ, ಸೆರೆಮನೆಯ ಪುಸ್ತಕ. ಯುದ್ಧ ನಿಲ್ಲಿಸಲು ಯತ್ನಿಸಿದ್ದಕ್ಕಾಗಿ 1967ರಿಂದ 1969ರವರೆಗೆ ಬಂಧನದಲ್ಲಿದ್ದ, ಬಹುಕಾಲವನ್ನು ಏಕಾಂತವಾಸದಲ್ಲೇ ಕಳೆದ ಒಂದು ಮನಸ್ಸಿನ ಒಳಗನ್ನು ಅದು ತೋರಿಸುತ್ತದೆ. ಬಿಯಾಫ್ರಾದ ಜನಜೀವನ ಅದರಲ್ಲಿ ಸಿಗದು. ಸಂಶೋಧನೆಯ ಕಡೆಗೆ ಒಲವಿರುವವರಿಗೆ ಎಲಿಜಬೆತ್ ಬರ್ಡ್ ಮತ್ತು ಫ್ರೇಜರ್ ಒಟ್ಟನೆಲ್ಲಿ ಅವರ 'ದಿ ಅಸಾಬಾ ಮ್ಯಾಸಕರ್' (2017) ಮುಖ್ಯವಾದದ್ದು. ಅಸಾಬಾ ನೈಗರ್ ನದಿಯ ಪಶ್ಚಿಮ ದಡದ ಇಗ್ಬೊ ಊರು. ಬಿಯಾಫ್ರಾದ ಭಾಗವೇ ಆಗಿರಲಿಲ್ಲ. 1967ರ ಅಕ್ಟೋಬರ್‌ನಲ್ಲಿ ಊರಿನವರು ಬಿಳಿಯ ಹಬ್ಬದ ಉಡುಪು ತೊಟ್ಟು, ಒಂದೇ ನೈಜೀರಿಯಾ ಎಂದು ಹಾಡುತ್ತ ಕುಣಿಯುತ್ತ ಕೇಂದ್ರ ಸೇನೆಯನ್ನು ಎದುರುಗೊಂಡರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ಗುಂಡಿಕ್ಕಿದರು. ಉಳಿದವರ ಬಾಯಿಂದ ಕೇಳಿ ಬರೆದ ಈ ಪುಸ್ತಕವನ್ನು ಅಮಾದಿಯವರ ನೆನಪುಗಳ ಜೊತೆಗೆ ಓದಿದರೆ ಅಲ್ಲಿ ತಪ್ಪಿದ ತೂಕ ಇಲ್ಲಿ ಸರಿಹೋಗುತ್ತದೆ.

ಒಂದೇ ಪುಸ್ತಕಕ್ಕೆ ಸಮಯವಿದ್ದರೆ ಅಡೀಚಿಯವರದನ್ನು ಆರಿಸಿಕೊಳ್ಳಿ, ಏಕೆಂದರೆ ಒಂದರಲ್ಲೇ ಹೆಚ್ಚು ಒಳಗೊಂಡಿರುವುದು ಅದು. ಎರಡಕ್ಕೆ ಸಮಯವಿದ್ದರೆ ಅದರ ಹಿಂದೆಯೇ 'ಸೋಜಾಬಾಯ್' ಓದಿ. ಅಂತರ ಹೆಚ್ಚಾದರೆ ಹೋಲಿಕೆ ಮಸುಕಾಗುತ್ತದೆ. ನಾಲ್ಕು ಪುಸ್ತಕಗಳಾದರೆ 'ಆ್ಯರೋ ಆಫ್ ಗಾಡ್' ಮೊದಲು, ಡಿ ಸೇಂಟ್ ಜೋರ್ ಕೊನೆಗೆ. ಚರಿತ್ರೆಯನ್ನು ಮೊದಲು ಓದಿದರೆ ಕಾದಂಬರಿಯ ಪಾತ್ರಗಳು ಘಟನೆಗಳ ಉದಾಹರಣೆಗಳಂತೆ ಕಾಣತೊಡಗುತ್ತವೆ. ಆ ನಷ್ಟ ಬೇಡ. ಭೂಪಟವೊಂದು ಮಾತ್ರ ಮೊದಲ ದಿನದಿಂದಲೇ ಬಳಿಯಲ್ಲಿರಲಿ.

ನಾಲ್ಕಾರು ಮಂದಿ ಸೇರಿ ಓದುವ ಬಳಗವಿದ್ದರೆ ಇನ್ನೊಂದು ಕ್ರಮ ಸಾಧ್ಯ. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಕೇಂದ್ರ ಸೇನೆಯ ವಶವಾದ ಘಟನೆಯೊಂದನ್ನೇ ಹಿಡಿದು, ಅಚಿಬೆಯವರ ನೆನಪುಗಳನ್ನೂ ಅಮಾದಿಯವರ ನೆನಪುಗಳನ್ನೂ ಎದುರುಬದುರಾಗಿ ಇಟ್ಟುಕೊಂಡು ಓದಿ. ಬಿಯಾಫ್ರಾಕ್ಕೆ ಅದು ಸಮುದ್ರದ ದಾರಿಯನ್ನು ಮುಚ್ಚಿ ಹಸಿವಿನ ಬಾಗಿಲನ್ನು ತೆರೆದ ದಿನ. ಆ ನಗರದ ಸುತ್ತಲಿನ ಇಕ್ವೆರೆ ಊರುಗಳಲ್ಲಿ ಅನೇಕರಿಗೆ ಅದು ಸ್ವಂತ ಮನೆಗೆ ಮರಳುವ ದಾರಿ ತೆರೆದ ದಿನ.